ಪ್ರೊಜೆಕ್ಟರ್ ಯಾವಾಗ ಹಾಕಬೇಕು, ಯಾವಾಗ ಆರಿಸಬೇಕು

ಸರ್ಕಾರಿ ಪ್ರೌಢಶಾಲೆಗೆ ಹೊಸದಾಗಿ ನೇಮಕವಾಗಿ ಬಂದ ಶಿಕ್ಷಕರ ಕಿವಿಗೆ ಮೊದಲ ವಾರದಲ್ಲೇ ಎರಡು ಮಾತು ಬೀಳುತ್ತವೆ. ‘ನೀವು ಈಗಿನ ಕಾಲದವರು, ಸ್ಮಾರ್ಟ್ ಕ್ಲಾಸ್ ನೀವೇ ನೋಡಿಕೊಳ್ಳಿ ಸರ್’ ಎಂಬುದು ಒಂದು. ‘ಅದೆಲ್ಲ ಯಾಕೆ ಮೇಡಂ, ಪೋರ್ಷನ್ ಮುಗಿಸಿದರೆ ಸಾಕು’ ಎಂಬುದು ಇನ್ನೊಂದು. ಹೇಳುವವರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಆದರೂ ಎರಡೂ ಮಾತು ದಾರಿ ತಪ್ಪಿಸುತ್ತವೆ. ಒಂದು, ಲ್ಯಾಪ್‌ಟಾಪ್ ಪ್ರೊಜೆಕ್ಟರುಗಳನ್ನು ಪಾಠದಿಂದ ಬೇರೆಯಾದ ಹೆಚ್ಚುವರಿ ಡ್ಯೂಟಿ ಮಾಡುತ್ತದೆ. ಇನ್ನೊಂದು, ಅವನ್ನು ಇಲಾಖೆಯವರು ಭೇಟಿಗೆ ಬಂದಾಗ ತೋರಿಸುವ ಸಾಮಾನು ಮಾಡುತ್ತದೆ.

ನನ್ನ ಅಭಿಪ್ರಾಯ ಇಷ್ಟು: ಉಪಕರಣ ಏನಿದೆ ಎಂದು ನೋಡಿ ಪಾಠ ಕಟ್ಟಬೇಡಿ. ಮಕ್ಕಳು ವರ್ಷ ವರ್ಷವೂ ಎಲ್ಲಿ ಎಡವುತ್ತಾರೋ ಆ ಜಾಗ ಹಿಡಿಯಿರಿ. ಬೋರ್ಡು, ಚಾಕ್‌ಪೀಸು, ಕೈಗೆ ಸಿಗುವ ವಸ್ತುಗಳಿಂದ ಅದನ್ನು ತಿಳಿಸಲು ಆಗುತ್ತಿಲ್ಲವಾದರೆ ಮಾತ್ರ ತೆರೆ ಬೆಳಗಲಿ. ಹಾಗೆ ನೋಡಿದರೆ ಹತ್ತನೇ ತರಗತಿಯ ವಿಜ್ಞಾನದಲ್ಲಿ ನಿಜವಾಗಿ ಪ್ರೊಜೆಕ್ಟರ್ ಬೇಡುವ ಜಾಗಗಳು ಬೆರಳೆಣಿಕೆಯಷ್ಟೇ. ಆ ಜಾಗಗಳಲ್ಲಿ ಮಾತ್ರ ಅದು ಮಾಡುವ ಕೆಲಸವನ್ನು ಬೇರೆ ಯಾವುದೂ ಮಾಡಲಾರದು.

ಪಾಠಕ್ಕೆ ತಂತ್ರಜ್ಞಾನ ಬಳಸುವುದು ನಮ್ಮ ರಾಜ್ಯಕ್ಕೆ ಹೊಸ ವಿಷಯವೂ ಅಲ್ಲ. ರೇಡಿಯೊದಲ್ಲಿ ‘ಕೇಳಿ ಕಲಿ’ ಪಾಠಗಳು ಬರುತ್ತಿದ್ದವು. 2004ರ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿದಾಗ, ಪ್ರಾಥಮಿಕ ಶಾಲೆಗಳಿಗೆ ಉಪಗ್ರಹದ ಮೂಲಕ ಪಾಠ ಮುಟ್ಟಿಸುವ ಪ್ರಯೋಗಕ್ಕೆ ಆಯ್ಕೆಯಾದದ್ದು ನಮ್ಮ ಚಾಮರಾಜನಗರ ಜಿಲ್ಲೆ. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಪ್ರಸಾರವಾದವು. ಇವೆಲ್ಲ ಶಿಕ್ಷಕರೇ ಇಲ್ಲದ ಕಡೆ, ಶಾಲೆಯೇ ತೆರೆಯದ ಕಾಲದಲ್ಲಿ ದೊಡ್ಡ ಉಪಕಾರ ಮಾಡಿದವು. ಆದರೆ ರೇಡಿಯೊಕ್ಕಾಗಲಿ ಟಿವಿಗಾಗಲಿ ಮೂರನೇ ಬೆಂಚಿನ ಹುಡುಗಿಯ ಮುಖ ಸಪ್ಪಗಾದದ್ದು ಕಾಣಿಸುವುದಿಲ್ಲ. ನೀವು ತರಗತಿಯಲ್ಲಿ ಇದ್ದೀರಿ, ನಿಮಗೆ ಕಾಣಿಸುತ್ತದೆ. ಆ ಒಂದು ಅನುಕೂಲವನ್ನು ಕಳೆದುಕೊಂಡು ನೀವೇ ಟಿವಿ ಆಗಿಬಿಟ್ಟರೆ ಪ್ರಯೋಜನವಿಲ್ಲ.

ಮೊದಲ ಕೆಲಸ: ಬೀರುವಿನೊಳಗೆ ಏನಿದೆ?

ಟಾಲ್ಪ್ ಎಂದು ಶಿಕ್ಷಕರು ಕರೆಯುವ ತಂತ್ರಜ್ಞಾನ ನೆರವಿನ ಕಲಿಕಾ ಕಾರ್ಯಕ್ರಮದಲ್ಲೋ, ದಾನಿಗಳಿಂದಲೋ, ಹಳೆಯ ವಿದ್ಯಾರ್ಥಿಗಳಿಂದಲೋ ಬಂದ ಲ್ಯಾಪ್‌ಟಾಪು, ಪ್ರೊಜೆಕ್ಟರುಗಳು ಬಹಳಷ್ಟು ಪ್ರೌಢಶಾಲೆಗಳಲ್ಲಿ ಇವೆ. ಎಷ್ಟೋ ಕಡೆ ಅವು ಮುಖ್ಯ ಶಿಕ್ಷಕರ ಕೊಠಡಿಯ ಬೀರುವಿನಲ್ಲಿ ಬೀಗದೊಳಗೆ ಇರುತ್ತವೆ. ಅದಕ್ಕೆ ಕಾರಣವೂ ಇದೆ. ವಸ್ತು ದಾಸ್ತಾನು ವಹಿಯಲ್ಲಿ ಏರಿದ ಮೇಲೆ ಕೆಟ್ಟರೆ, ಕಳೆದರೆ ಉತ್ತರ ಹೇಳಬೇಕಾದವರು ಅವರೇ. ಆದ್ದರಿಂದ ‘ಯಾಕೆ ಬಳಸುತ್ತಿಲ್ಲ’ ಎಂದು ಕೇಳುವುದಕ್ಕಿಂತ, ‘ಸರ್, ಬುಧವಾರ ಮೂರನೇ ಪೀರಿಯಡ್‌ಗೆ ಬೇಕು, ನಾನೇ ಸಹಿ ಮಾಡಿ ತೆಗೆದುಕೊಂಡು ಹೋಗಿ ಊಟದ ಬೆಲ್ಲಿಗೆ ಮೊದಲು ತಂದಿಡುತ್ತೇನೆ’ ಎಂದು ಕೇಳಿದರೆ ಬೀಗ ಬೇಗ ತೆರೆಯುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ತೆಗೆದುಕೊಂಡ ದಿನಾಂಕ, ಸಮಯ, ಸಹಿ ಇಟ್ಟರೆ ಮುಂದಿನ ಬಾರಿ ಯಾರಿಗೂ ಕೇಳಲು ಹಿಂಜರಿಕೆ ಇರುವುದಿಲ್ಲ.

ಮಕ್ಕಳಿಲ್ಲದ ಹೊತ್ತಿನಲ್ಲಿ, ಶಾಲೆ ಬಿಟ್ಟ ಮೇಲೆ, ಒಮ್ಮೆ ಎಲ್ಲ ಜೋಡಿಸಿ ನೋಡಿ. ಪ್ರೊಜೆಕ್ಟರಿಗೆ ಎಚ್‌ಡಿಎಂಐ ಕೇಬಲ್ ಇದೆಯೋ, ನೀಲಿ ತುದಿಯ ಹಳೆಯ ವಿಜಿಎ ಕೇಬಲ್ ಇದೆಯೋ ನೋಡಿಕೊಳ್ಳಿ. ವಿಜಿಎ ಕೇಬಲ್ ಚಿತ್ರವನ್ನಷ್ಟೇ ಒಯ್ಯುತ್ತದೆ, ಧ್ವನಿಯನ್ನು ಒಯ್ಯುವುದಿಲ್ಲ. ಧ್ವನಿಗೆ ಬೇರೆ ವೈರು, ಬೇರೆ ಸ್ಪೀಕರ್ ಬೇಕು. ಲ್ಯಾಪ್‌ಟಾಪಿನ ಸ್ವಂತ ಸ್ಪೀಕರ್ ಐವತ್ತು ಮಕ್ಕಳ ಕೊಠಡಿಗೆ ಸಾಲದು, ಶೀಟಿನ ಮಾಡಿನ ಮೇಲೆ ಮಳೆ ಸುರಿಯುವಾಗಲಂತೂ ಮುಂದಿನ ಬೆಂಚಿಗೂ ಕೇಳಿಸದು. ಚಿತ್ರ ಗೋಡೆಗೆ ಬರದಿದ್ದರೆ ಗಾಬರಿ ಬೇಡ. ಕೀಬೋರ್ಡಿನಲ್ಲಿ ವಿಂಡೋಸ್ ಗುಂಡಿ ಒತ್ತಿ ಹಿಡಿದು ಪಿ ಒತ್ತಿದರೆ ಪಕ್ಕದಲ್ಲಿ ನಾಲ್ಕು ಆಯ್ಕೆ ಬರುತ್ತವೆ. ‘ಡೂಪ್ಲಿಕೇಟ್’ ಆರಿಸಿದರೆ ಲ್ಯಾಪ್‌ಟಾಪಿನಲ್ಲಿ ಇದ್ದದ್ದೇ ಗೋಡೆಯ ಮೇಲೂ ಕಾಣುತ್ತದೆ. ಲ್ಯಾಂಪ್ ಇರುವ ಪ್ರೊಜೆಕ್ಟರನ್ನು ಆರಿಸಿದ ಮೇಲೆ ಒಳಗಿನ ಫ್ಯಾನ್ ತಾನಾಗಿ ನಿಲ್ಲುವವರೆಗೆ ಪ್ಲಗ್ ಕೀಳಬೇಡಿ. ಬಿಸಿ ಇಳಿಯದೆ ಕರೆಂಟ್ ತೆಗೆದರೆ ಲ್ಯಾಂಪಿನ ಆಯಸ್ಸು ಕಡಿಮೆಯಾಗುತ್ತದೆ, ಹೊಸ ಲ್ಯಾಂಪು ಅಗ್ಗವಲ್ಲ.

ಕೊಠಡಿಯ ಬೆಳಕು ದೊಡ್ಡ ಸಮಸ್ಯೆ. ರಾಯಚೂರಿನ ಬಿಸಿಲಿಗೂ ತೀರ್ಥಹಳ್ಳಿಯ ಜುಲೈ ತಿಂಗಳ ಮೋಡಕ್ಕೂ ಒಂದೇ ಪರಿಹಾರ ಇಲ್ಲ. ಬೆಳಕು ನೇರ ಬೀಳದ ಗೋಡೆ ಆರಿಸಿ, ಪಕ್ಕದ ಎರಡು ಕಿಟಕಿ ಮುಚ್ಚಿದರೆ ಸಾಮಾನ್ಯವಾಗಿ ಸಾಕು. ಸುಣ್ಣ ಬಳಿದ ಬಿಳಿ ಗೋಡೆ ಹೊಳೆಯುವ ವೈಟ್‌ಬೋರ್ಡಿಗಿಂತ ಒಳ್ಳೆಯ ತೆರೆ; ವೈಟ್‌ಬೋರ್ಡಿನಲ್ಲಿ ಪ್ರೊಜೆಕ್ಟರಿನ ಬೆಳಕು ಪ್ರತಿಫಲಿಸಿ ಮಕ್ಕಳ ಕಣ್ಣಿಗೆ ಹೊಡೆಯುತ್ತದೆ. ಎಲ್ಲ ಜೋಡಿಸಿದ ಮೇಲೆ ಕೊನೆಯ ಬೆಂಚಿನಲ್ಲಿ ಹೋಗಿ ಕುಳಿತು ಓದಿ ನೋಡಿ. ನಿಮಗೆ ಅಲ್ಲಿಂದ ಓದಲು ಆಗದ ಅಕ್ಷರ ಮಕ್ಕಳಿಗೂ ಓದಲು ಬರುವುದಿಲ್ಲ.

ಕನ್ನಡ ಅಕ್ಷರದ ಬಗ್ಗೆ ಒಂದು ಎಚ್ಚರಿಕೆ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಟಿಪ್ಪಣಿ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆಯುತ್ತದೆ. ನಿಮ್ಮ ಮನೆಯಲ್ಲಿ ಚೆನ್ನಾಗಿ ಕಂಡದ್ದು ಶಾಲೆಯ ಗೋಡೆಯ ಮೇಲೆ ಕೆಟ್ಟು ಕಾಣುವುದು ಇದರಿಂದಲೇ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ತರಗತಿಗೆ ಒಯ್ಯುವುದನ್ನು ಪಿಡಿಎಫ್ ಮಾಡಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ.

ಒಂದು ಪಾಠ, ಹತ್ತಿರದಿಂದ

ಹತ್ತನೇ ತರಗತಿಯ ‘ವಿದ್ಯುಚ್ಛಕ್ತಿ’ ಅಧ್ಯಾಯವನ್ನೇ ತೆಗೆದುಕೊಳ್ಳೋಣ. ಓಮ್‌ನ ನಿಯಮದ ಸೂತ್ರ ಮಕ್ಕಳಿಗೆ ಬಾಯಿಪಾಠ ಬರುತ್ತದೆ, ಲೆಕ್ಕವೂ ಬರುತ್ತದೆ. ಆದರೆ ಒಂದು ಶುಷ್ಕಕೋಶಕ್ಕೆ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದ ಚಿತ್ರ ಬರೆದು, ‘ಯಾವ ಬಲ್ಬ್ ಹೆಚ್ಚು ಪ್ರಕಾಶಮಾನವಾಗಿ ಉರಿಯುತ್ತದೆ?’ ಎಂದು ಕೇಳಿ. ಬಹಳ ಮಕ್ಕಳು ಕೋಶದ ಪಕ್ಕದ ಮೊದಲ ಬಲ್ಬ್ ಎನ್ನುತ್ತಾರೆ. ಅವರ ತರ್ಕ ಸರಳ: ವಿದ್ಯುತ್ ಮೊದಲು ಅಲ್ಲಿಗೆ ಬಂತು, ಅಲ್ಲಿ ಸ್ವಲ್ಪ ಖರ್ಚಾಯಿತು, ಉಳಿದದ್ದು ಎರಡನೆಯದಕ್ಕೆ ಹೋಯಿತು. ಪ್ರಪಂಚದ ಎಲ್ಲ ಕಡೆಯ ಮಕ್ಕಳಲ್ಲೂ ಈ ತಪ್ಪು ಕಲ್ಪನೆ ಇದೆ, ಸೂತ್ರ ಕಲಿತ ಮೇಲೂ ಅದು ಹೋಗುವುದಿಲ್ಲ. ಬೋರ್ಡಿನ ಮೇಲೆ ಬಾಣ ಬರೆದು ‘ಪ್ರವಾಹ ಎಲ್ಲ ಕಡೆ ಸಮ’ ಎಂದರೆ ಅವರು ಬರೆದುಕೊಳ್ಳುತ್ತಾರೆ, ನಂಬುವುದಿಲ್ಲ.

ಮೊದಲು ನಿಜವಾದ ಕೋಶ, ನಿಜವಾದ ಟಾರ್ಚ್ ಬಲ್ಬು, ವೈರು ಕೊಟ್ಟು ಮಕ್ಕಳ ಕೈಯಲ್ಲೇ ಜೋಡಿಸಿ. ಇದನ್ನು ಬಿಟ್ಟು ನೇರ ತೆರೆಗೆ ಹೋಗಬೇಡಿ. ಕೈಗೆ ಬಿಸಿ ತಾಗಿದ ಬಲ್ಬನ್ನು ಯಾವ ಚಿತ್ರವೂ ಸರಿಗಟ್ಟದು. ಇಲ್ಲೇ ಒಂದು ತೊಡಕೂ ಕಾಣುತ್ತದೆ. ಅಂಗಡಿಯಿಂದ ತಂದ ಎರಡು ಬಲ್ಬುಗಳು ಪೂರ್ತಿ ಒಂದೇ ಥರ ಇರುವುದಿಲ್ಲ. ಒಂದು ಸ್ವಲ್ಪ ಮಂಕಾಗಿ ಉರಿದರೆ ಮಕ್ಕಳು ‘ನೋಡಿ ಮಿಸ್, ನಾವು ಹೇಳಿದ್ದೇ ಸರಿ’ ಎಂದುಬಿಡುತ್ತಾರೆ. ಬಲ್ಬುಗಳ ಜಾಗ ಅದಲುಬದಲು ಮಾಡಿಸಿದರೆ, ಮಂಕು ಬಲ್ಬು ಎಲ್ಲಿ ಹಾಕಿದರೂ ಮಂಕೇ ಎಂದು ಗೊತ್ತಾಗುತ್ತದೆ. ಆದರೆ ತಂತಿಯೊಳಗೆ ಏನಾಗುತ್ತಿದೆ ಎಂಬುದು ಕಾಣುವುದಿಲ್ಲ. ತೆರೆ ಬೇಕಾಗುವುದು ಈ ಹೊತ್ತಿಗೆ.

ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ ‘ಫೆಟ್’ ಯೋಜನೆ ವಿಜ್ಞಾನ, ಗಣಿತದ ಅಣಕು ಪ್ರಯೋಗಗಳನ್ನು ಉಚಿತವಾಗಿ ಕೊಡುತ್ತದೆ. ಹಲವು ಕನ್ನಡದಲ್ಲೂ ಇವೆ. ನಮ್ಮ ಶಾಲೆಗಳಿಗೆ ದೊಡ್ಡ ಅನುಕೂಲವೆಂದರೆ, ಮನೆಯಲ್ಲಿ ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ಅದು ಒಂದೇ ಒಂದು ಫೈಲು. ಶಾಲೆಯಲ್ಲಿ ನೆಟ್ ಇಲ್ಲದಿದ್ದರೂ ಸಾಮಾನ್ಯ ಬ್ರೌಸರಿನಲ್ಲಿ ತೆರೆಯುತ್ತದೆ. ಅದರಲ್ಲಿ ‘ಸರ್ಕ್ಯೂಟ್ ಕನ್‌ಸ್ಟ್ರಕ್ಷನ್ ಕಿಟ್: ಡಿಸಿ’ ಎಂಬುದನ್ನು ತೆರೆಯಿರಿ. ಎಡಗಡೆಯ ಪೆಟ್ಟಿಗೆಯಿಂದ ತಂತಿ, ಬಲ್ಬ್, ಬ್ಯಾಟರಿಯನ್ನು ಎಳೆದು ತಂದು ತುದಿಗೆ ತುದಿ ಮುಟ್ಟಿಸಿದರೆ ಮಂಡಲ ಪೂರ್ಣವಾಗಿ ಬಲ್ಬ್ ಹೊತ್ತಿಕೊಳ್ಳುತ್ತದೆ, ತಂತಿಯೊಳಗೆ ಎಲೆಕ್ಟ್ರಾನುಗಳು ನೀಲಿ ಚುಕ್ಕೆಗಳಾಗಿ ಚಲಿಸುತ್ತವೆ.

ಈಗ ತೆರೆ ಮುಟ್ಟುವ ಮೊದಲು ಕೇಳಿ: ‘ಎರಡನೇ ಬಲ್ಬ್ ಸರಣಿಯಲ್ಲಿ ಸೇರಿಸಿದರೆ ಏನಾಗುತ್ತದೆ? ನೋಟ್‌ಬುಕ್ಕಿನಲ್ಲಿ ಬರೆಯಿರಿ.’ ಎಲ್ಲರೂ ಬರೆಯುವವರೆಗೆ ಕಾಯಿರಿ. ಹೊಸ ಶಿಕ್ಷಕರಿಗೆ ಈ ಕಾಯುವುದೇ ಕಷ್ಟ, ಕೈ ಮೌಸಿನ ಕಡೆ ಹೋಗುತ್ತಿರುತ್ತದೆ. ಊಹೆ ಬರೆದ ಮಗುವಿಗೆ ತೆರೆಯ ಮೇಲಿನ ಉತ್ತರ ತನ್ನದಕ್ಕೆ ತಾಳೆಯಾಗುತ್ತದೋ ಇಲ್ಲವೋ ಎಂಬ ಕುತೂಹಲ ಇರುತ್ತದೆ. ಬರೆಯದ ಮಗು ಸುಮ್ಮನೆ ನೋಡಿ ಬಿಡುತ್ತದೆ.

ಈ ಅಣಕು ಪ್ರಯೋಗದಲ್ಲಿ ಬ್ಯಾಟರಿ 9 ವೋಲ್ಟ್, ಬಲ್ಬಿನ ರೋಧ 10 ಓಮ್ ಎಂದು ಮೊದಲೇ ಇಟ್ಟಿರುತ್ತಾರೆ. ಒಂದು ಬಲ್ಬ್ ಇದ್ದಾಗ ಅಮ್ಮೀಟರ್ 0.90 ಆಂಪಿಯರ್ ತೋರಿಸುತ್ತದೆ. ಸರಣಿಯಲ್ಲಿ ಎರಡಾದಾಗ 0.45. ಅಮ್ಮೀಟರನ್ನು ಮೊದಲ ಬಲ್ಬಿನ ಮುಂಚೆ ಇಡಿ, ಎರಡರ ನಡುವೆ ಇಡಿ, ಎರಡನೆಯದರ ಆಚೆ ಇಡಿ. ಮೂರು ಕಡೆಯೂ 0.45. ಎಲ್ಲೂ ಖರ್ಚಾಗಿಲ್ಲ. ಚುಕ್ಕೆಗಳು ನಿಧಾನವಾದದ್ದು ಇಡೀ ಮಂಡಲದಲ್ಲಿ ಒಟ್ಟಿಗೇ ಎಂಬುದು ಕಣ್ಣಿಗೆ ಕಾಣುತ್ತದೆ. ಹಾಗಾದರೆ ಬಲ್ಬಿನಲ್ಲಿ ಬಳಕೆಯಾಗುವುದು ಏನು ಎಂಬ ಪ್ರಶ್ನೆ ಈಗ ಮಕ್ಕಳಿಂದಲೇ ಬರುತ್ತದೆ. ವೋಲ್ಟ್‌ಮೀಟರ್ ಹಿಡಿದರೆ ಒಂದೊಂದು ಬಲ್ಬಿನ ಅಡ್ಡಲಾಗಿ 4.5 ವೋಲ್ಟ್. ವಿಭವಾಂತರ ಎಂಬ ಪದಕ್ಕೆ ಅಲ್ಲಿ ಒಂದು ಅರ್ಥ ಬರುತ್ತದೆ.

ಅದೇ ಎರಡು ಬಲ್ಬುಗಳನ್ನು ಸಮಾಂತರವಾಗಿ ಜೋಡಿಸಿದರೆ ಒಂದೊಂದರಲ್ಲೂ 0.90, ಬ್ಯಾಟರಿಯಿಂದ ಹೊರಡುವುದು 1.80. ಒಂದು ಬಲ್ಬನ್ನು ಕಳಚಿದರೂ ಇನ್ನೊಂದು ಉರಿಯುತ್ತಲೇ ಇರುತ್ತದೆ. ಮನೆಯ ವೈರಿಂಗ್ ಯಾಕೆ ಹೀಗಿದೆ, ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬ್ ಹೋದರೆ ಸಾಲಿಗೆ ಸಾಲೇ ಯಾಕೆ ಆರುತ್ತದೆ ಎಂಬುದನ್ನು ಆಮೇಲೆ ನೀವು ಹೇಳಬೇಕಾಗಿಲ್ಲ, ಅವರೇ ಹೇಳುತ್ತಾರೆ.

ಒಂದು ಸತ್ಯವನ್ನು ಮಕ್ಕಳಿಗೆ ಹೇಳಿಬಿಡಬೇಕು. ತೆರೆಯ ಮೇಲಿನ ಈ ಬಲ್ಬ್ ಆದರ್ಶ ಬಲ್ಬ್, ಅದರ ರೋಧ ಯಾವಾಗಲೂ 10 ಓಮ್. ನಿಜವಾದ ಬಲ್ಬಿನ ತಂತು ಕಾದಂತೆ ರೋಧ ಏರುತ್ತದೆ, ಆದ್ದರಿಂದ ಅಳತೆ ಇಷ್ಟು ಚೊಕ್ಕವಾಗಿ ಬರುವುದಿಲ್ಲ. ತೆರೆಯ ಮೇಲೆ ಕಂಡದ್ದೆಲ್ಲ ನಿಜವೆಂದು ನಂಬುವ ವಯಸ್ಸಿನ ಮಕ್ಕಳಿಗೆ ಮಾದರಿ ಬೇರೆ, ವಸ್ತು ಬೇರೆ ಎಂದು ತಿಳಿಸುವುದೂ ವಿಜ್ಞಾನ ಪಾಠದ ಭಾಗವೇ.

40 ನಿಮಿಷದ ಪೀರಿಯಡ್‌ನಲ್ಲಿ ಇಷ್ಟಕ್ಕೆ ಪ್ರೊಜೆಕ್ಟರ್ ಉರಿಯಬೇಕಾದದ್ದು ಹೆಚ್ಚೆಂದರೆ ಹದಿನೈದು ನಿಮಿಷ. ಆಮೇಲೆ ಆರಿಸಿ. ಉರಿಯುತ್ತಿರುವ ತೆರೆಯ ಮುಂದೆ ಚರ್ಚೆ ನಡೆಯುವುದಿಲ್ಲ, ಎಲ್ಲರ ಕಣ್ಣೂ ಅಲ್ಲೇ ಇರುತ್ತದೆ.

ಗಣಿತ ಮಾಡುವವರಿಗೆ ಇದೇ ಥರದ ನೆರವು ಜಿಯೋಜೀಬ್ರಾ. 2001ರಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ಈ ತಂತ್ರಾಂಶವೂ ಶಾಲೆಗಳಿಗೆ ಉಚಿತ. ಅರ್ಧವೃತ್ತದಲ್ಲಿ ಕೋನ ಬರೆದು, ಶೃಂಗಬಿಂದುವನ್ನು ಕಂಸದ ಮೇಲೆ ಎಳೆದಾಡಿಸಿ; ಬಾಹುಗಳ ಉದ್ದ ಬದಲಾಗುತ್ತಲೇ ಇರುತ್ತದೆ, ಕೋನ 90 ಡಿಗ್ರಿ ಬಿಟ್ಟು ಕದಲುವುದಿಲ್ಲ. ಬೋರ್ಡಿನಲ್ಲಿ ನೀವು ಬರೆಯುವುದು ಒಂದೇ ಚಿತ್ರ. ‘ಎಲ್ಲ ಚಿತ್ರಕ್ಕೂ ಇದು ನಿಜವೇ?’ ಎಂಬ ಅನುಮಾನ ಹುಟ್ಟಿಸಿ ಸಾಧನೆಯ ಕಡೆ ಕರೆದೊಯ್ಯಲು ಈ ಚಲಿಸುವ ಚಿತ್ರ ಬೇಕು. ಎಳೆದು ತೋರಿಸಿದ್ದೇ ಸಾಧನೆ ಎಂದು ಮಾತ್ರ ಬಿಡಬೇಡಿ.

ವಿಡಿಯೊ ತೋರಿಸುವುದಾದರೆ

ಹೊಸ ಶಿಕ್ಷಕರು ಹೆಚ್ಚು ನೆಚ್ಚುವುದು ವಿಡಿಯೊವನ್ನು. ಹೃದಯದ ಕವಾಟ ತೆರೆದು ಮುಚ್ಚುವುದನ್ನು, ಜ್ವಾಲಾಮುಖಿಯನ್ನು, ಕೋಶ ವಿಭಜನೆಯನ್ನು ತೋರಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಇಪ್ಪತ್ತು ನಿಮಿಷದ ವಿಡಿಯೊ ಹಾಕಿ ಹಿಂದೆ ಕೂರುವುದು ಪಾಠವಾಗುವುದಿಲ್ಲ. ಮೂರು ನಾಲ್ಕು ನಿಮಿಷದ ತುಣುಕು ಸಾಕು. ಎಲ್ಲಿ ನಿಲ್ಲಿಸಿ ಏನು ಕೇಳಬೇಕೆಂದು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಇಂಗ್ಲಿಷ್ ವಿಡಿಯೊ ಮಾತ್ರ ಸಿಕ್ಕಿದೆಯೇ? ಧ್ವನಿ ಬಂದ್ ಮಾಡಿ, ನೀವೇ ಕನ್ನಡದಲ್ಲಿ ಹೇಳುತ್ತಾ ಹೋಗಿ. ಇದು ಬಹಳ ಸರಳ, ಬಹಳ ಪರಿಣಾಮಕಾರಿ. ನಿಮ್ಮ ಧ್ವನಿ ಮಕ್ಕಳಿಗೆ ಗೊತ್ತು. ಬೀದರಿನ ಮಕ್ಕಳಿಗೆ ಬೀದರಿನ ಕನ್ನಡದಲ್ಲಿ, ಲಂಬಾಣಿ ತಾಂಡಾದಿಂದ ಬರುವ ಮಕ್ಕಳಿದ್ದರೆ ನಡುವೆ ಅವರ ಮಾತಿನ ಒಂದೆರಡು ಪದ ಸೇರಿಸಿ ಹೇಳಲು ನಿಮಗೆ ಮಾತ್ರ ಸಾಧ್ಯ.

ಪಠ್ಯಪುಸ್ತಕದ ಅಧ್ಯಾಯಗಳಲ್ಲಿ ಅಚ್ಚಾದ ಕ್ಯೂಆರ್ ಕೋಡುಗಳು ದೀಕ್ಷಾ ವೇದಿಕೆಯ ಪಾಠಗಳಿಗೆ ದಾರಿ. ಕೇಂದ್ರ ಸರ್ಕಾರ 2017ರಲ್ಲಿ ಶುರುಮಾಡಿದ ಈ ವೇದಿಕೆಯ ಆ್ಯಪ್‌ನಿಂದ ಕೋಡನ್ನು ಸ್ಕ್ಯಾನ್ ಮಾಡಬಹುದು. ಹರಿದ ಪುಟದಲ್ಲಿ ಕೋಡು ಹಿಡಿಯದಿದ್ದರೆ ಅದರ ಕೆಳಗೆ ಅಚ್ಚಾದ ಆರು ಅಕ್ಷರ-ಅಂಕಿಗಳ ಸಂಕೇತವನ್ನು ಟೈಪ್ ಮಾಡಿದರೂ ಅದೇ ಪಾಠ ತೆರೆಯುತ್ತದೆ. ಅಲ್ಲಿರುವುದೆಲ್ಲ ಒಂದೇ ಗುಣಮಟ್ಟದ್ದಲ್ಲ, ಪೂರ್ತಿ ನೋಡದೆ ತರಗತಿಗೆ ಒಯ್ಯಬೇಡಿ. ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸೇರಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ನೋಡಲು ಅಷ್ಟು ಅಂದವಾಗಿಲ್ಲದಿದ್ದರೂ, ನಮ್ಮ ಶಿಕ್ಷಕರೇ ಬರೆದ ಚಟುವಟಿಕೆಗಳು ಅಲ್ಲಿವೆ. ಭಾಷಾ ಶಿಕ್ಷಕರು ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ ನೋಡಲೇಬೇಕು. ಕನ್ನಡದ ಚಿತ್ರಕಥೆಗಳನ್ನು ಅಲ್ಲಿಂದ ಇಳಿಸಿಕೊಂಡು, ಬರಹವನ್ನು ಕಾಗದದಿಂದ ಮುಚ್ಚಿ ಚಿತ್ರ ಮಾತ್ರ ತೋರಿಸಿ ಮಕ್ಕಳಿಂದಲೇ ಕಥೆ ಹೇಳಿಸಿದರೆ ಮೌನವಾಗಿರುವ ಮಗುವೂ ಬಾಯಿ ಬಿಡುತ್ತದೆ.

ಕ್ಯಾಮೆರಾ, ಮತ್ತು ಕಪ್ಪುಬಿಳುಪು ಚೀಟಿ

ನಿಮ್ಮ ಜೇಬಿನಲ್ಲಿರುವ ಫೋನಿನ ಅತಿ ದೊಡ್ಡ ಉಪಯೋಗ ಅದರ ಕ್ಯಾಮೆರಾ ಎಂದು ನಾನು ನಂಬುತ್ತೇನೆ. ಮಕ್ಕಳು ಲೆಕ್ಕ ಮಾಡುವಾಗ ಬೆಂಚುಗಳ ನಡುವೆ ಓಡಾಡುತ್ತಾ, ಎರಡು ಬೇರೆ ಬೇರೆ ದಾರಿಯಲ್ಲಿ ಮಾಡಿದ ನೋಟ್‌ಬುಕ್ಕುಗಳ ಫೋಟೊ ತೆಗೆಯಿರಿ, ಹೆಸರಿನ ಭಾಗ ಬಿಟ್ಟು. ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಹಾಕಿ ಗೋಡೆಯ ಮೇಲೆ ಪಕ್ಕಪಕ್ಕ ತೋರಿಸಿ. ‘ಇಬ್ಬರದೂ ಉತ್ತರ ಒಂದೇ, ದಾರಿ ಬೇರೆ. ಯಾವುದು ಯಾಕೆ ಸರಿ?’ ತಮ್ಮ ಅಕ್ಷರವೇ ಗೋಡೆಯ ಮೇಲೆ ದೊಡ್ಡದಾಗಿ ಕಂಡಾಗ ಮಕ್ಕಳು ತೋರುವ ಗಮನ ಯಾವ ಸಿದ್ಧ ಸ್ಲೈಡಿಗೂ ಸಿಗುವುದಿಲ್ಲ. ತಪ್ಪು ಮಾಡಿದ ಮಗುವಿನ ಪುಟ ತೋರಿಸುವುದಾದರೆ ಮೊದಲೇ ಅದರ ಒಪ್ಪಿಗೆ ಕೇಳಿ.

ಎಲ್ಲರಿಗೂ ಅರ್ಥವಾಯಿತೇ ಎಂದು ಕೇಳಿದರೆ ‘ಹೌದು ಸರ್’ ಎಂಬ ಒಕ್ಕೊರಲು ಬರುತ್ತದೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಇದಕ್ಕೆ ‘ಪ್ಲಿಕರ್ಸ್’ ಎಂಬ ಆ್ಯಪ್ ಒಳ್ಳೆಯ ಉಪಾಯ ಮಾಡಿದೆ. ಮಕ್ಕಳಿಗೆ ಫೋನು ಬೇಡ. ಒಂದೊಂದು ಮಗುವಿಗೆ ಕ್ಯೂಆರ್ ಕೋಡಿನ ಥರದ ಕಪ್ಪುಬಿಳುಪು ಚಿತ್ರವಿರುವ ಒಂದು ಚೀಟಿ. ಚೀಟಿಯ ನಾಲ್ಕು ಬದಿಯಲ್ಲಿ ಸಣ್ಣದಾಗಿ ಎ, ಬಿ, ಸಿ, ಡಿ. ಮಗು ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ತಿರುಗಿಸಿ ಹಿಡಿಯುತ್ತದೆ. ನೀವು ಮುಂದೆ ನಿಂತು ಫೋನಿನ ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ಒಮ್ಮೆ ಆಡಿಸಿದರೆ ಯಾವ ಸಂಖ್ಯೆಯ ಮಗು ಯಾವ ಉತ್ತರ ಹೇಳಿತು ಎಂಬುದು ನಿಮ್ಮ ಫೋನಿನಲ್ಲಿ ಕಾಣುತ್ತದೆ. ಪ್ರತಿ ಚೀಟಿಯ ಚಿತ್ರವೂ ಬೇರೆಯಾದ್ದರಿಂದ ಪಕ್ಕದವರದ್ದು ನೋಡಿ ಹಿಡಿಯಲು ಆಗುವುದಿಲ್ಲ. ಫೋನಿಗೆ ಸ್ವಲ್ಪ ನೆಟ್ ಬೇಕು. ಚೀಟಿಗಳನ್ನು ಹೊಳಪಿನ ಲ್ಯಾಮಿನೇಷನ್ ಮಾಡಿಸಬೇಡಿ, ಬೆಳಕು ಮಿಂಚಿ ಕ್ಯಾಮೆರಾ ಹಿಡಿಯುವುದಿಲ್ಲ. ದಪ್ಪ ರಟ್ಟಿಗೆ ಅಂಟಿಸಿ, ಅಂಚಿನಲ್ಲಿ ಬೆರಳಿಟ್ಟು ಹಿಡಿಯಲು ಕಲಿಸಿ.

ಚೀಟಿಗಿಂತ ಪ್ರಶ್ನೆ ಮುಖ್ಯ. ತಪ್ಪು ಆಯ್ಕೆಗಳು ಸುಮ್ಮನೆ ತುಂಬಿದವಾಗಿರಬಾರದು, ಒಂದೊಂದೂ ಮಕ್ಕಳ ಮನಸ್ಸಿನಲ್ಲಿ ನಿಜಕ್ಕೂ ಇರುವ ತಪ್ಪು ಕಲ್ಪನೆಯಾಗಿರಬೇಕು. ‘ಸರಣಿಯಲ್ಲಿರುವ ಎರಡನೇ ಬಲ್ಬಿನ ಮೂಲಕ ಹರಿಯುವ ಪ್ರವಾಹ ಮೊದಲನೆಯದಕ್ಕಿಂತ ಕಡಿಮೆ / ಸಮ / ಹೆಚ್ಚು’ ಎಂದು ಕೇಳಿದಾಗ ‘ಕಡಿಮೆ’ ಎಂದವರ ಸಂಖ್ಯೆ ನಿಮಗೆ ಮುಂದಿನ ಹತ್ತು ನಿಮಿಷ ಏನು ಮಾಡಬೇಕೆಂದು ಹೇಳುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಝೂರ್ 1990ರ ದಶಕದಲ್ಲಿ ರೂಢಿಗೆ ತಂದ ಕ್ರಮ ಇಲ್ಲಿ ಬಹಳ ಉಪಯುಕ್ತ. ಸರಿ ಉತ್ತರ ಕೊಟ್ಟವರು ಸುಮಾರು ಶೇ 30ರಿಂದ 70ರ ನಡುವೆ ಇದ್ದರೆ ಉತ್ತರ ಹೇಳಬೇಡಿ. ಬೇರೆ ಉತ್ತರ ಕೊಟ್ಟ ಪಕ್ಕದವರನ್ನು ಒಪ್ಪಿಸುವಂತೆ ಎರಡು ನಿಮಿಷ ಮಾತಾಡಲು ಬಿಡಿ, ಮತ್ತೆ ಚೀಟಿ ಎತ್ತಿಸಿ. ಶೇ 30ಕ್ಕಿಂತ ಕಡಿಮೆಯಾದರೆ ನಿಮ್ಮ ವಿವರಣೆಯನ್ನೇ ಬೇರೆ ರೀತಿ ಮತ್ತೊಮ್ಮೆ ಮಾಡಬೇಕು. ನೆಟ್ ಇಲ್ಲದ ಶಾಲೆಯಲ್ಲಿ ಸ್ಲೇಟಿನ ಮೇಲೆ ಎ, ಬಿ, ಸಿ ಬರೆಸಿ ಎದೆಗೆ ಹಿಡಿಸಿದರೂ ಈ ಕ್ರಮ ಅಷ್ಟೇ ಚೆನ್ನಾಗಿ ನಡೆಯುತ್ತದೆ.

ಹತ್ತು ಕಂಪ್ಯೂಟರ್, ಐವತ್ತು ಮಕ್ಕಳು

ಕಂಪ್ಯೂಟರ್ ಲ್ಯಾಬ್ ಇರುವ ಶಾಲೆಯಲ್ಲೂ ಎಲ್ಲ ಯಂತ್ರಗಳು ಚಾಲೂ ಇರುವುದು ಅಪರೂಪ. ಮಕ್ಕಳನ್ನು ಒಳಗೆ ಬಿಟ್ಟರೆ ಜೋರಿರುವ ಹುಡುಗರ ಕೈಗೆ ಮೌಸ್ ಸೇರುತ್ತದೆ, ಹುಡುಗಿಯರು ಹಿಂದೆ ನಿಂತು ಇಣುಕುತ್ತಾರೆ. ಇದನ್ನು ತಡೆಯಬೇಕಾದವರು ನೀವೇ. ತರಗತಿಯನ್ನು ಎರಡು ಭಾಗ ಮಾಡಿ. ಅರ್ಧ ಮಕ್ಕಳಿಗೆ ಬರೆಯುವ ಕೆಲಸ, ಅರ್ಧ ಮಕ್ಕಳು ಯಂತ್ರದ ಮುಂದೆ. ಒಂದು ಯಂತ್ರಕ್ಕೆ ಇಬ್ಬರು ಅಥವಾ ಮೂವರು. ಒಬ್ಬಳ ಕೈಯಲ್ಲಿ ಮೌಸ್, ಇನ್ನೊಬ್ಬಳ ಕೈಯಲ್ಲಿ ಪ್ರಶ್ನೆಗಳ ಹಾಳೆ, ಮೂರನೆಯವಳು ಬರೆದುಕೊಳ್ಳುವವಳು. ಮೌಸ್ ಹಿಡಿದವಳು ಹಾಳೆ ಹಿಡಿದವಳು ಹೇಳಿದ್ದನ್ನು ಮಾತ್ರ ಮಾಡಬೇಕು. ಐದು ನಿಮಿಷಕ್ಕೊಮ್ಮೆ ಚಪ್ಪಾಳೆ ತಟ್ಟಿದರೆ ಕೆಲಸ ಬದಲು. ಹೀಗೆ ಮಾಡಿದಾಗ ಮಾತು ಹೆಚ್ಚಾಗುತ್ತದೆ, ಗದ್ದಲವೂ ಆಗುತ್ತದೆ. ಆ ಗದ್ದಲ ಪಾಠದ್ದೇ, ಹೆದರಬೇಕಾಗಿಲ್ಲ.

ವಾಟ್ಸ್ಆ್ಯಪ್ ಮತ್ತು ಎಐ ಬಗ್ಗೆ ಎಚ್ಚರ

ಪೋಷಕರ ವಾಟ್ಸ್ಆ್ಯಪ್ ಗುಂಪು ರಜೆ, ಸಭೆ, ಪರೀಕ್ಷಾ ವೇಳಾಪಟ್ಟಿ ತಿಳಿಸಲು ಅನುಕೂಲ. ಹೋಮ್‌ವರ್ಕ್ ಮಾತ್ರ ಅದರಲ್ಲಿ ಕಡ್ಡಾಯ ಮಾಡಬೇಡಿ. ಎಷ್ಟೋ ಮನೆಗಳಲ್ಲಿ ಇರುವ ಒಂದೇ ಫೋನು ಅಪ್ಪನ ಜೊತೆ ಕೆಲಸಕ್ಕೆ ಹೋಗಿ ರಾತ್ರಿ ಮನೆಗೆ ಬರುತ್ತದೆ. ಇಡೀ ತರಗತಿಯ ಅಂಕಪಟ್ಟಿಯನ್ನು ಗುಂಪಿಗೆ ಹಾಕುವುದು ಕೆಲವು ಕಡೆ ರೂಢಿಯಾಗಿದೆ. ಕಡಿಮೆ ಅಂಕ ಬಂದ ಮಗುವಿಗೆ ಊರೆಲ್ಲ ಅವಮಾನವಾಗುವ ಈ ಕೆಲಸವನ್ನು ಖಂಡಿತ ಮಾಡಬಾರದು. ಮಕ್ಕಳ ಫೋಟೊ, ವಿಡಿಯೊ ನಿಮ್ಮ ಸ್ಟೇಟಸ್‌ಗೆ, ಯೂಟ್ಯೂಬಿಗೆ ಹಾಕುವ ಮೊದಲೂ ಯೋಚಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನು ಮಕ್ಕಳು ಎಂದೇ ಪರಿಗಣಿಸುತ್ತದೆ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಕಾನೂನು ಇರಲಿ ಬಿಡಲಿ, ಮಗುವಿನ ಮುಖ ಅದರ ಮನೆಯವರದು.

ಎಐ ಸಾಧನಗಳು ಪಾಠ ಯೋಜನೆ, ಅಭ್ಯಾಸ ಹಾಳೆ ತಯಾರಿಸುವ ಹೊರೆಯನ್ನು ನಿಜಕ್ಕೂ ಇಳಿಸುತ್ತವೆ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಮತ್ತು ಶಿಕ್ಷಣ ಫೌಂಡೇಷನ್ ಸೇರಿ ಕರ್ನಾಟಕದ ಸರ್ಕಾರಿ ಶಾಲಾ ಶಿಕ್ಷಕರೊಂದಿಗೆ ‘ಶಿಕ್ಷಾ ಕೋಪೈಲಟ್’ ಎಂಬುದನ್ನು ಇದಕ್ಕೆಂದೇ ಪ್ರಯೋಗ ಮಾಡಿವೆ. ಸಾಮಾನ್ಯ ಎಐ ಬಳಸಿದರೂ ‘ಓಮ್‌ನ ನಿಯಮದ ಮೇಲೆ ಮೂರು ಹಂತದ ಹತ್ತು ಲೆಕ್ಕ ಕೊಡು’ ಎಂದರೆ ಕ್ಷಣದಲ್ಲಿ ಕೊಡುತ್ತದೆ. ಆದರೆ ಪ್ರತಿ ಲೆಕ್ಕವನ್ನೂ ನೀವು ಮಾಡಿ ನೋಡಲೇಬೇಕು, ಅದು ತಪ್ಪು ಉತ್ತರವನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತದೆ. ಪಾರಿಭಾಷಿಕ ಪದಗಳ ಮೇಲೂ ಕಣ್ಣಿಡಿ. ಪಠ್ಯಪುಸ್ತಕ ‘ರೋಧ’ ಎಂದರೆ ಅದು ‘ಪ್ರತಿರೋಧ’ ಎಂದು ಬರೆಯಬಹುದು. ಎಸ್ಎಸ್ಎಲ್‌ಸಿ ಬರೆಯುವ ಮಗು ಗೊಂದಲಕ್ಕೆ ಬೀಳುತ್ತದೆ. ಮಕ್ಕಳ ಹೆಸರು, ಅಂಕ, ಮನೆಯ ವಿವರ ಯಾವುದನ್ನೂ ಅದಕ್ಕೆ ಕೊಡಬೇಡಿ.

ಇಷ್ಟೆಲ್ಲ ತಯಾರಿ ಮಾಡಿಕೊಂಡರೂ ಕರೆಂಟ್ ಹೋಗುತ್ತದೆ. ಕೇಬಲ್ ಕೈಕೊಡುತ್ತದೆ. ಆದ್ದರಿಂದ ಪ್ರೊಜೆಕ್ಟರ್ ಪಾಠದ ದಿನವೂ ಅದೇ ಪಾಠವನ್ನು ಬೋರ್ಡಿನಲ್ಲಿ ಮಾಡುವ ಸಿದ್ಧತೆ ನಿಮ್ಮಲ್ಲಿರಲಿ. ಜೋಡಿಸಲು ಐದು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಬಿಟ್ಟುಬಿಡಿ, ಐವತ್ತು ಮಕ್ಕಳ ಐದು ನಿಮಿಷ ಸಣ್ಣದಲ್ಲ.

ಮೊದಲ ವರ್ಷ ತಿಂಗಳಿಗೆ ಒಂದು ಇಂಥ ಪಾಠ ಸಾಕು. ಒಂದೊಂದನ್ನೂ ಪೂರ್ತಿ ತಯಾರಿಸಿ, ಮಾಡಿ, ಮುಗಿದ ದಿನವೇ ಎಲ್ಲಿ ಮಕ್ಕಳು ಎಚ್ಚೆತ್ತರು, ಎಲ್ಲಿ ಮಂಕಾದರು ಎಂದು ನಾಲ್ಕು ಸಾಲು ಬರೆದಿಡಿ. ವರ್ಷದ ಕೊನೆಗೆ ನಿಮ್ಮ ಪೆನ್‌ಡ್ರೈವಿನಲ್ಲಿ ಫೈಲು, ಪ್ರಶ್ನೆ, ಟಿಪ್ಪಣಿ ಸಮೇತ ಏಳೆಂಟು ಗಟ್ಟಿ ಪಾಠಗಳಿರುತ್ತವೆ. ತಾಲ್ಲೂಕು ಮಟ್ಟದ ವಿಷಯ ಶಿಕ್ಷಕರ ಕಾರ್ಯಾಗಾರಕ್ಕೆ ಹೋಗುವಾಗ ಅದನ್ನು ಜೊತೆಗೆ ಒಯ್ದು ಪಕ್ಕದ ಶಾಲೆಯವರಿಗೆ ಕೊಡಿ, ಅವರದ್ದನ್ನೂ ಕೇಳಿ ತನ್ನಿ.